ದುಗ್ಗಳೆಯ ಪಾಲು

ನಮ್ಮ ದೊಡ್ಡಬಳ್ಳಾಪುರದ ಕಡೆ ಮದುವೆಮನೆಯಲ್ಲಿ ಹಿರಿಯರೊಬ್ಬರು ಎರಡು ಮಾತಾಡಲು ಎದ್ದು ನಿಂತರೆಂದರೆ ದಾಸಿಮಯ್ಯನ ಒಂದು ವಚನ ಬಂದೇ ಬರುತ್ತದೆ. ಗಂಡಹೆಂಡಿರ ಭಕ್ತಿ ಕೂಡಿ ನಡೆದರೆ ಶಿವನಿಗೆ ಹಿತ, ಕೂಡದಿದ್ದರೆ ಸವಿಯೂಟಕ್ಕೆ ನಂಜು ಬೆರೆಸಿದ ಹಾಗೆ ಎಂಬರ್ಥದ ವಚನ ಅದು. ಹೇಳಿ ಮುಗಿಸಿದವರ ಕಣ್ಣು ಹೋಗುವುದು ಮಾತ್ರ ಹುಡುಗಿಯ ಕಡೆಗೆ. 'ಹೊಂದಿಕೊಂಡು ಹೋಗಮ್ಮ' ಎನ್ನುತ್ತಾರೆ. ಹುಡುಗ ಬಾಸಿಂಗ ಸರಿಮಾಡಿಕೊಳ್ಳುತ್ತಾ ಕೂತಿರುತ್ತಾನೆ. ನಾನೂ ತರಗತಿಯಲ್ಲಿ ಬಹಳ ವರ್ಷ ಆ ವಚನವನ್ನು ಹಾಗೆಯೇ ಪಾಠ ಹೇಳಿದವಳು. ಆದ್ದರಿಂದ ಬೇರೆಯವರನ್ನು ದೂರುವ ಹಕ್ಕು ನನಗೇನೂ ಹೆಚ್ಚಿಲ್ಲ.

ದಾಸಿಮಯ್ಯ ನೇಯ್ಗೆಯವನು, ಇಂದಿನ ಯಾದಗಿರಿ ಜಿಲ್ಲೆಯ ಮುದನೂರಿನವನು. ರಾಮನಾಥ ಅವನ ಅಂಕಿತ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬನೇ ಇಬ್ಬರೇ ಎಂದು ವಿದ್ವಾಂಸರು ಜಗಳವಾಡಿದ್ದಾರೆ. ಮಗ್ಗದ ಸದ್ದಿನಲ್ಲೇ ಬೆಳೆದ ನಮ್ಮೂರಿನ ಮಕ್ಕಳಿಗೆ ಅವನು ಮನೆಯ ಹಿರಿಯನಿದ್ದಂತೆ. ಕಾಡಿನಲ್ಲಿ ಘೋರ ತಪಸ್ಸಿಗೆ ಕೂತಿದ್ದಾಗ ಶಿವನೇ ಬಂದು, ದೇಹವನ್ನು ದಂಡಿಸಬೇಡ, ದುಡಿದು ಬದುಕು ಎಂದನಂತೆ. ಅಲ್ಲಿಂದೆದ್ದು ಬಂದು ಮಗ್ಗಕ್ಕೆ ಕೂತ. ಆಮೇಲೆ ಹೆಣ್ಣು ಹುಡುಕಿದ ಕಥೆ. ಮರಳು ಬೆರೆತ ಅಕ್ಕಿ, ಕಬ್ಬಿನ ಜಲ್ಲೆ ಕೊಟ್ಟು, ನೀರಿಲ್ಲದೆ ಸೌದೆಯಿಲ್ಲದೆ ಪಾಯಸ ಮಾಡುವವಳು ಬೇಕೆಂದನಂತೆ. ದುಗ್ಗಳೆ ರಸವನ್ನೇ ನೀರಾಗಿಸಿಕೊಂಡು ಸಿಪ್ಪೆಯನ್ನೇ ಉರಿಸಿ ಗೆದ್ದಳು. ಹಸಿ ಸಿಪ್ಪೆ ಹೇಗೆ ಉರಿಯಿತೋ! ಒಲೆ ಊದಿದವರಿಗೆ ಮಾತ್ರ ಬರುವ ಸಂದೇಹ ಇದು. ವರನಿಗೆ ಯಾವ ಪರೀಕ್ಷೆಯಿತ್ತೆಂದು ಕಥೆ ಹೇಳುವುದಿಲ್ಲ.

ನಮ್ಮ ಮನೆಯಲ್ಲಿ ಎರಡು ಮಗ್ಗವಿದ್ದವು. ಅಪ್ಪ ನೇಯುತ್ತಿದ್ದರು, ಅಮ್ಮ ಕಂಡಿಕೆ ಸುತ್ತುತ್ತಿದ್ದರು. ಕಂಡಿಕೆಯಿಲ್ಲದೆ ಲಾಳಿಯಿಲ್ಲ, ಲಾಳಿಯಿಲ್ಲದೆ ಸೀರೆಯಿಲ್ಲ; ಆದರೂ ಸೀರೆ ಕೊಟ್ಟು ಬಂದ ದಿನ ಲೆಕ್ಕವೆಲ್ಲ ಅಪ್ಪನ ಹೆಸರಿಗೆ. ಕಂಡಿಕೆಯ ಕೂಲಿ ಎಂಬ ಬಾಬ್ತೇ ಅದರಲ್ಲಿರಲಿಲ್ಲ. ಸಂಜೆ ದೀಪ ಹಚ್ಚಿ ಅಮ್ಮ ಮತ್ತೆ ರಾಟೆಯ ಮುಂದೆ ಕೂರುವರು. ಕಣ್ಣುಮುಚ್ಚಿ ದೇವರೆದುರು ಕೂತದ್ದು ನನಗೆ ನೆನಪಿಲ್ಲ. ಇದೇ ಅವರ ಪೂಜೆ ಎಂದುಬಿಡುವುದು ಸುಲಭ. ಬರೆಯುವವರು, ಪಾಠ ಹೇಳುವವರು ನಾವೆಲ್ಲ ಹಾಗೆ ಅಂದುಬಿಡುತ್ತೇವೆ. 'ಕಾಯಕ' ಎಂಬ ದೊಡ್ಡ ಮಾತನ್ನು ಹೆಂಗಸಿನ ದುಡಿತದ ಮೇಲೆ ಹೊದಿಸಿದರೆ ಕೂಲಿಯ ಪ್ರಶ್ನೆ ಅಡಿಯಲ್ಲೇ ಮುಚ್ಚಿಹೋಗುತ್ತದೆ. ಹಾಗೆಂದು ಅಲ್ಲಿ ಏನೂ ಇರಲಿಲ್ಲ ಎನ್ನಲಾರೆ. ಕಡಿದ ಎಳೆಯನ್ನು ಗಂಟು ಕಾಣದಂತೆ ಬೆರಳ ತುದಿಯಲ್ಲಿ ಹೊಸೆಯುವಾಗ ನಾವು ಕರೆದರೂ ಅವರಿಗೆ ಕೇಳಿಸುತ್ತಿರಲಿಲ್ಲ.

ಮದುವೆಮನೆಯ ವಚನವನ್ನು ಒಂಟಿಯಾಗಿ ಕಿತ್ತು ಓದುವುದೇ ನಮ್ಮ ತಪ್ಪು ಎಂದು ಈಗ ಅನ್ನಿಸುತ್ತದೆ. ಗಂಡುಹೆಣ್ಣೆಂಬ ಗುರುತೆಲ್ಲ ಮೈಮೇಲಿನದು, ಒಳಗಿರುವ ಆತ್ಮಕ್ಕೆ ಅದು ಯಾವುದೂ ಇಲ್ಲ ಎಂದವನೂ ಇದೇ ದಾಸಿಮಯ್ಯ. ಇನ್ನೊಂದು ವಚನವಂತೂ ನೇರ ದೇವರ ಮೇಲೆಯೇ ತಿರುಗಿ ಬೀಳುತ್ತದೆ. ಒಡಲಿರುವವನಿಗೆ ಹಸಿವುಂಟು, ಸುಳ್ಳುಂಟು; ಅದಕ್ಕಾಗಿ ನನ್ನನ್ನು ಗದರಬೇಡ, ನೀನೂ ಒಮ್ಮೆ ಒಡಲು ಹೊತ್ತು ನೋಡು ಎನ್ನುತ್ತದೆ ಅದು. ಸಂಸಾರದಲ್ಲಿದ್ದು ದೇವರನ್ನು ಕಂಡವನ ಮಾತಿನಲ್ಲಿ ಇಷ್ಟು ಖಾರವಿದೆ. ಶಿವನಿಗೇ ಹೀಗೆ ಹೇಳಬಹುದಾದರೆ ರಾಟೆಯ ಮುಂದೆ ಕೂತವಳು ಮಗ್ಗದಲ್ಲಿ ಕೂತವನಿಗೆ ಹೇಳಬಾರದೇಕೆ? ಕೂಡಿ ನಡೆಯುವ ಭಕ್ತಿಯಲ್ಲಿ ಈ ಮಾತಿಗೂ ಜಾಗ ಇರಲೇಬೇಕು.

ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ ಹೇಳಿಯೇ ಹೇಳಿದಳು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದ್ದಕ್ಕಿಂತ ಹೆಚ್ಚಿನದು ಬೇಡವೆಂದು ತಿರುಗಿ ಕಳಿಸಿದಳು. ನಮ್ಮ ಭಾಷಣಕಾರರು ಹೇಳುವ ಹೊಂದಾಣಿಕೆಯ ಲೆಕ್ಕದಲ್ಲಿ ಅವಳು ಗಂಡನ ಮಾತು ಮೀರಿದವಳೇ ಆಗಬೇಕು.

ದುಗ್ಗಳೆಯೂ ವಚನ ಬರೆದಿದ್ದಾಳೆ, ದಾಸಯ್ಯಪ್ರಿಯ ರಾಮನಾಥ ಎಂಬ ಅಂಕಿತದಲ್ಲಿ. ಲಕ್ಕಮ್ಮನ ಅಂಕಿತದಲ್ಲೂ ಮೊದಲು ಬರುವುದು ಮಾರಯ್ಯನೇ. ಗಂಡನದು ನೂರಕ್ಕೂ ಮಿಕ್ಕಿ ವಚನಗಳು ಉಳಿದಿರುವಾಗ ದುಗ್ಗಳೆಯದು ಉಳಿದಿರುವುದು ಒಂದೆರಡು ಮಾತ್ರ. ಹೇಳಲು ಅವಳಲ್ಲಿ ಏನೂ ಇರಲಿಲ್ಲವೆಂದು ನಾನಂತೂ ನಂಬುವುದಿಲ್ಲ. ಕೈಬಿಡುವಿರಲಿಲ್ಲವೆಂದರೆ ನಂಬುತ್ತೇನೆ.

ಅಮ್ಮ ತೀರಿಕೊಳ್ಳುವ ಮುಂಚಿನ ವರ್ಷ ಒಡಲಿನ ಆ ವಚನವನ್ನು ಅವರಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದರು. ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನಿಮ್ಮಪ್ಪ ಇದ್ದಾಗ್ಲೇ ಓದ್ಬೇಕಾಗಿತ್ತು ಕಣೇ" ಅಂದರು.