ಚೋಮನ ಸಾಲವೂ ರೂವಿಯ ಅಗ್ಗವೂ

ಕಳೆದ ತಿಂಗಳ ಬೈಠಕ್ಕಿಗೆ ನಾವು ಆರಿಸಿಕೊಂಡ ಪುಸ್ತಕ ಶಿವರಾಮ ಕಾರಂತರ ‘ಚೋಮನ ದುಡಿ’. ಆದರೆ ಚರ್ಚೆ ಹತ್ತಿಕೊಂಡದ್ದು ಪುಸ್ತಕದಿಂದಲ್ಲ, ಚಹಾದಿಂದ! ರೂವಿ ಹೈ ಸ್ಟ್ರೀಟಿನ ಹಿಂದಿನ ಗಲ್ಲಿಯಿಂದ ತರಿಸಿದ ಚಹಾ, ಲೋಟಕ್ಕೆ 100 ಬೈಸಾ. ಬಾಡಿಗೆ, ಹಾಲು, ಗ್ಯಾಸು ಎಲ್ಲ ಕಳೆದು ಇಷ್ಟಕ್ಕೆ ಹೇಗೆ ಕೊಡುತ್ತಾನೆ ಎಂದು ಒಬ್ಬರು ಕೇಳಿದರು. “ಅಗ್ಗಕ್ಕೆ ಸಿಕ್ಕಿದ್ರೆ ಸುಮ್ಮನೆ ಕುಡೀರಿ ಮಾರಾಯ್ರೆ, ಲೆಕ್ಕ ಯಾಕೆ?” ಎಂದರು ನಮ್ಮ ಮಂಗಳೂರಿನ ಹಿರಿಯರು. ಎಲ್ಲರೂ ನಕ್ಕರು. ಆದರೆ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ನಮಗೆ ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬರುವುದಿಲ್ಲ. ಈ ಬರಹ ಆ ನಿದ್ದೆಗೆಟ್ಟ ರಾತ್ರಿಯದು ಎಂದುಕೊಳ್ಳಿ.

ಕಾಲೇಜಿನಲ್ಲಿ ‘ಚೋಮನ ದುಡಿ’ಯನ್ನು (1933) ಅಸ್ಪೃಶ್ಯತೆಯ ಕಾದಂಬರಿ ಎಂದು ಓದಿದ್ದೆವು. ಅದು ತಪ್ಪೇನಲ್ಲ. ಆದರೆ ನಲವತ್ತು ದಾಟಿ, ಪರದೇಶದಲ್ಲಿ ಕುಳಿತು ಮತ್ತೆ ಓದಿದಾಗ ಕಣ್ಣಿಗೆ ಹೊಡೆದದ್ದು ಸಾಲ. ಚೋಮನ ಬಳಿ ಎತ್ತುಗಳಿವೆ, ತೋಳಿನಲ್ಲಿ ಶಕ್ತಿಯಿದೆ, ತನ್ನದೇ ಬೇಸಾಯದ ಆಸೆಯಿದೆ. ಆದರೆ ಅವನ ಜಾತಿಯವನಿಗೆ ಗದ್ದೆ ಕೊಡುವ ಪದ್ಧತಿ ಇಲ್ಲ. ಇನ್ನೊಂದು ಕಡೆ ಘಟ್ಟದ ಕಾಫಿ ತೋಟದ ಸಾಲ. ತೀರಿಸಲೆಂದು ಗಂಡುಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಮರಳುವುದಿಲ್ಲ, ಇನ್ನೊಬ್ಬ ಜ್ವರ ಹೊತ್ತು ಮರಳಿ ಸಾಯುತ್ತಾನೆ. ಆಮೇಲೆ ಮಗಳು ಬೆಳ್ಳಿ ಹೋಗುತ್ತಾಳೆ. ಸಾಲವೇನೋ ತೀರುತ್ತದೆ, ಏನನ್ನು ತೆತ್ತು ಎಂಬುದು ಓದಿದವರಿಗೆಲ್ಲ ಗೊತ್ತು.

ಆಳು ಹೆಚ್ಚಿದ್ದರೆ ಕೂಲಿ ಇಳಿಯುತ್ತದೆ ಎಂಬುದು ಅರ್ಥಶಾಸ್ತ್ರದ ಮಾತು. ಕಾರಂತರು ತೋರಿಸುವುದು ಬೇರೆ. ಚೋಮನ ದುಡಿಮೆ ಅಗ್ಗವಾಗಿರುವುದು ಅವನು ಕಡಿಮೆ ದುಡಿಯುತ್ತಾನೆಂದಲ್ಲ, ಅವನಿಗೆ ಹೋಗಲು ಬೇರೆ ದಾರಿಯಿಲ್ಲವೆಂದು. ಒಂದು ಬಾಗಿಲನ್ನು ಜಾತಿ ಮುಚ್ಚಿದೆ, ಇನ್ನೊಂದನ್ನು ಸಾಲ. ಬಾಗಿಲು ಮುಚ್ಚಿದ ಮನೆಯಲ್ಲಿ ಚೌಕಾಸಿ ಎಲ್ಲಿಯದು?

ಈ ಕಾದಂಬರಿಯ ದೊಡ್ಡ ಗುಣವೆಂದರೆ ಒಡೆಯ ಸಂಕಪ್ಪಯ್ಯ ರಾಕ್ಷಸನಲ್ಲ. ಚೋಮನ ಬಗ್ಗೆ ಅವನಿಗೆ ಕನಿಕರವಿದೆ, ಗದ್ದೆ ಕೊಡೋಣವೆಂದೂ ಅನಿಸುತ್ತದೆ. ತಾಯಿ ಒಪ್ಪುವುದಿಲ್ಲ, ಅಲ್ಲಿಗೆ ಮುಗಿಯಿತು. ಬೆನ್ಯಾಮಿನರ ‘ಆಡುಜೀವಿತಂ’ (2008) ಜೊತೆ ಹೋಲಿಸಿದರೆ ಇದರ ಬೆಲೆ ಗೊತ್ತಾಗುತ್ತದೆ. ಆ ಮಲಯಾಳಂ ಕಾದಂಬರಿಯ ಸಿನಿಮಾ 2024ರಲ್ಲಿ ಬಂದಾಗ ನಮ್ಮ ಬಳಗದಲ್ಲಿ ಅನೇಕರು ಕಣ್ಣೊರೆಸಿಕೊಂಡರು. ಮರುಭೂಮಿಯ ಆ ಕ್ರೂರ ಯಜಮಾನನಾಗಿ ನಟಿಸಿದವರು ಒಮಾನಿನವರೇ ಆದ ತಾಲಿಬ್ ಅಲ್ ಬಲೂಶಿ, ಅದ್ಭುತ ನಟನೆ. ಆದರೆ ನಮ್ಮದೊಂದು ತಕರಾರಿದೆ. ಅಷ್ಟು ಕ್ರೂರಿಯನ್ನು ಕಂಡಾಗ ‘ನಾವು ಅಂಥವರಲ್ಲವಲ್ಲ’ ಎಂಬ ಸಮಾಧಾನದಲ್ಲಿ ಮನೆಗೆ ಬರುತ್ತೇವೆ. ಸಂಕಪ್ಪಯ್ಯ ಆ ಸಮಾಧಾನ ಕೊಡುವುದಿಲ್ಲ. ಕಾರು ತೊಳೆಯುವ ಹುಡುಗನಿಗೆ ಈದ್‌ಗೆ ಒಂದು ರಿಯಾಲ್ ಹೆಚ್ಚು ಕೊಟ್ಟು, ಆಗಸ್ಟಿನ ಬಿಸಿಲಲ್ಲಿ ಅವನು ಎಲ್ಲಿ ಮಲಗುತ್ತಾನೆಂದು ಕೇಳದ ನಾವು ಸಂಕಪ್ಪಯ್ಯನ ವಂಶಸ್ಥರೇ.

ಇಲ್ಲಿಯ ಬಾಗಿಲಿನ ಹೆಸರು ಎನ್‌ಒಸಿ. ಹಳೆಯ ಯಜಮಾನ ‘ಅಭ್ಯಂತರವಿಲ್ಲ’ ಎಂದು ಬರೆದುಕೊಡದೆ ಕೆಲಸ ಬಿಟ್ಟರೆ ಎರಡು ವರ್ಷ ದೇಶಕ್ಕೆ ಮರಳುವಂತಿಲ್ಲ ಎಂಬ ನಿಯಮ 2014ರಿಂದ ಬಿಗಿಯಾಯಿತು. ಅದರಿಂದ ನಮ್ಮ ಬಳಗದ ಒಬ್ಬರೇ ಎರಡು ವರ್ಷ ಬೆಂಗಳೂರಿನಲ್ಲಿ ಕಾದು ಕುಳಿತಿದ್ದರು. ಎಂಜಿನಿಯರಿಗೆ ಅದು ಬೇಸರದ ರಜೆ. ಸಾಲ ಮಾಡಿ ವೀಸಾ ಕೊಂಡು ಬಂದ ಗಾರೆ ಕೆಲಸದವನಿಗೆ ಅದೇ ಚೋಮನ ಸ್ಥಿತಿ, ಮುಂದೆ ಸಾಲ, ಹಿಂದೆ ಬೀಗ. 2021ರ ಜನವರಿ 1ರಿಂದ ಸರ್ಕಾರ ಅದನ್ನು ತೆಗೆಯಿತು, ಕರಾರು ಮುಗಿದವನು ಬೇರೆ ಕಡೆ ಸೇರಬಹುದು. ಒಳ್ಳೆಯ ಕೆಲಸ. ಆದರೆ ಊರಿನಲ್ಲಿ ಏಜೆಂಟನಿಗೆ ತೆತ್ತ ಸಾಲ ಯಾವ ರಾಜಾಜ್ಞೆಯಿಂದಲೂ ಹೋಗುವುದಿಲ್ಲ.

ಇನ್ನು ದೇಶಕ್ಕೆ ಏನು ನಷ್ಟ? 2011ರ ಫೆಬ್ರವರಿಯಲ್ಲಿ ಸೊಹಾರಿನ ವೃತ್ತದಲ್ಲಿ ಒಮಾನಿ ಯುವಕರು ಕೆಲಸ ಕೇಳುತ್ತ ನಿಂತರು. ಸುಲ್ತಾನ್ ಕಾಬೂಸ್ 50,000 ಉದ್ಯೋಗ, ಕೆಲಸ ಹುಡುಕುವವರಿಗೆ ತಿಂಗಳಿಗೆ 150 ರಿಯಾಲ್ ಭತ್ಯೆ ಘೋಷಿಸಿದರು. 2013ರಿಂದ ಖಾಸಗಿ ವಲಯದಲ್ಲಿ ಒಮಾನಿಗೆ ಕನಿಷ್ಠ ವೇತನ 325 ರಿಯಾಲ್. ಪರದೇಶಿಗೆ ಅಂಥ ಕನಿಷ್ಠವೇ ಇಲ್ಲ. 2021ರ ಮೇ ತಿಂಗಳಲ್ಲಿ ಮತ್ತೆ ಅದೇ ಸೊಹಾರ್, ಅದೇ ಕೇಳಿಕೆ. ‘ಇವರಿಗೆ ದುಡಿಯಲು ಸೋಮಾರಿತನ’ ಎಂದು ನಮ್ಮವರು ಪಿಸುಗುಡುವುದುಂಟು. ನಮಗೆ ಹಾಗೆನಿಸುವುದಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಅಂಗಡಿಯಲ್ಲಿ ನಿಂತು, ಮೇಲಿನ ಕೋಣೆಯಲ್ಲಿ ಆರು ಜನರೊಂದಿಗೆ ಮಲಗುವವನ ಅಳತೆಗೆ ಹೊಲಿದ ಅಂಗಿ ಆ ಕೆಲಸ. ಹೆಂಡತಿ ಮಕ್ಕಳು ಸಂಜೆ ಕಾಯುವ ಮನೆಯಿದ್ದವನಿಗೆ ಅದು ಹೇಗೆ ಹಿಡಿಸೀತು? ಕೆಲಸ ಒಮ್ಮೆ ಹಾಗೆ ರೂಪುಗೊಂಡರೆ ಆಮೇಲೆ ಆ ನೆಲದ ಮಗನೇ ಅದರೊಳಗೆ ಕಾಲಿಡಲಾರ.

ನಾವೂ ಅಗ್ಗದ ಸರಕೇ, ಮರೆಯಬಾರದು. ಒಬ್ಬನ ಸಂಬಳಕ್ಕೆ ಇಬ್ಬರು ಸಿಗುತ್ತಾರೆ ಎಂದೇ ನಮ್ಮನ್ನು ಹೊರದೇಶಗಳಿಗೆ ಕಳಿಸಿದ್ದು. 2018ರ ಜನವರಿಯಲ್ಲಿ 87 ಹುದ್ದೆಗಳಿಗೆ ಹೊಸ ವೀಸಾ ನಿಂತಾಗ ಅದರಲ್ಲಿ ಐಟಿಯೂ ಇತ್ತು. ಆಗ ನಾವು ಎಷ್ಟು ಗೊಣಗಿದೆವು! ಈ ಅಗ್ಗದಿಂದಲೇ ಊರಲ್ಲಿ ನಮ್ಮ ಮನೆ ಎದ್ದಿತು, ತಂಗಿಯರ ಮದುವೆಯಾಯಿತು. ಹಮ್ರಿಯಾದಲ್ಲಿ ಕೆಲಸ ಹುಡುಕಿ ನಿಲ್ಲುವ ಬಾಂಗ್ಲಾದವನೂ ತನ್ನ ಊರಿನ ಮನೆಯ ಬಗ್ಗೆ ಹಾಗೆಯೇ ಹೇಳಿಯಾನು. ಆದ್ದರಿಂದ ಬಾಗಿಲು ಹಾಕಿ ಎನ್ನುವವರ ಜೊತೆ ನಾವಿಲ್ಲ. ನಾವು ಕೇಳುವುದು ಒಳಗಿನ ಬೀಗದ ಮಾತು.

ಕಾರಂತರ ಮೇಲೂ ದೂರಿದೆ. ತೋಟದ ಲೆಕ್ಕಪುಸ್ತಕವನ್ನು ಅವರು ತೆರೆದು ತೋರಿಸುವುದಿಲ್ಲ, ಆ ಕಾಫಿ ಯಾರ ಮನೆಗೆ ಹೋಯಿತು, ಏನು ಬೆಲೆಗೆ, ತಿಳಿಯದು. ಅದಕ್ಕಿಂತ ದೊಡ್ಡದು, ಸಾಲ ತೀರಿಸಿದವಳು ಬೆಳ್ಳಿ, ಆದರೆ ಕೊನೆಯ ದುಡಿಯ ಸದ್ದು ಚೋಮನದು. ಬಿ.ವಿ. ಕಾರಂತರ ಸಿನಿಮಾದಲ್ಲೂ (1975) ವಾಸುದೇವ ರಾವ್ ಅವರ ಮುಖವೇ ನೆನಪಿನಲ್ಲಿ ಉಳಿಯುವುದು. ಅದೇ ವರ್ಷದ ಅಕ್ಟೋಬರಿನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು. ಈಗ ಕೊಡಗಿನ, ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಕೊಯ್ಯುವವರಲ್ಲಿ ಅಸ್ಸಾಮಿನವರು ಬಹಳ. ಚೋಮನ ಸೀಮೆಯ ಹುಡುಗರು ಮಸ್ಕತ್ತಿನಲ್ಲಿ, ದುಬೈಯಲ್ಲಿ ಇದ್ದಾರೆ.

ಮುಂದಿನ ಬೈಠಕ್ಕಿಗೆ ಒಮಾನಿನದೇ ಕಾದಂಬರಿ, 2019ರಲ್ಲಿ ಬುಕರ್ ಅಂತಾರಾಷ್ಟ್ರೀಯ ಪ್ರಶಸ್ತಿ ಪಡೆದ ಜೋಖಾ ಅಲ್ ಹಾರ್ತಿಯವರ ‘ಸೆಲೆಸ್ಟಿಯಲ್ ಬಾಡೀಸ್’. ಇಲ್ಲಿ ಗುಲಾಮಗಿರಿ ರದ್ದಾದದ್ದು 1970ರಲ್ಲಿ. ಆಮೇಲೂ ಯಜಮಾನನ ಮನೆಯಲ್ಲೇ ಉಳಿದ ಜರೀಫಾ, ಬಿಟ್ಟು ಹೊರಡುವ ಅವಳ ಮಗ ಸಂಜರ್, ಇವರಿಬ್ಬರನ್ನು ಗಮನವಿಟ್ಟು ಓದಿ ಬನ್ನಿ. ಬಳಗದ ಬಳಿ ಮೂರೇ ಪ್ರತಿಗಳಿವೆ, ವಾರಕ್ಕೊಬ್ಬರಂತೆ ದಾಟಿಸಿ. ಚಹಾ ಈ ಸಲ ಮನೆಯಿಂದ.