ಬಾಯಿಪಾಠ, ಎದೆಪಾಠ: ಬೈಬಲಿನ ಜ್ಞಾನೋಕ್ತಿಗಳ ಬಗ್ಗೆ ಒಂದು ಮಾತು

ಬೈಬಲಿನೊಳಗೆ ‘ಜ್ಞಾನೋಕ್ತಿಗಳು’ ಅಂತ ಒಂದು ಪುಸ್ತಕ ಐತೆ. ಒಟ್ಟು 31 ಅಧ್ಯಾಯ. ಅದು ಚರ್ಚಿಗೆ ಹೋಗೋರ ಗ್ರಂಥ, ನಮಗ್ಯಾಕೆ ಅಂತ ಬಹಳ ಮಂದಿ ಅದನ್ನ ತೆರೆದೇ ನೋಡಿಲ್ಲ. ನಾನು ಹೊಲ ಮಾಡೋನು, ತತ್ವಪದ, ಭಜನೆಪದ ಹಾಡೋನು. ಓದಿದ್ದು ಏಳನೇ ಕ್ಲಾಸು. ಯಾವ ದೇವರು ಹೆಚ್ಚು, ಯಾವ ದೇವರು ಕಡಿಮೆ ಅನ್ನೋ ತಂಟೆಗೆ ನಾನು ಬರೋದಿಲ್ಲ. ಆದರೆ ಮಾತನ್ನ ನೆನಪಿನಲ್ಲಿ ಇಟ್ಟುಕೊಳ್ಳೋದು ನನ್ನ ಕಸುಬು. ಈ ಪುಸ್ತಕ ಹೇಳೋದೂ ಅದನ್ನೇ. ಒಳ್ಳೆಯ ಮಾತನ್ನ ನಿಧಿಯಂಗೆ ಎದೆಯೊಳಗೆ ಇಟ್ಟುಕೋ, ಆಸೆ ಬಂದು ಕೈ ಹಿಡಿದು ಎಳೆಯೋ ಹೊತ್ತಿಗೆ ಅದು ನಿನ್ನ ಕಾಯುತ್ತೆ ಅಂತ. ಇದು ಎಷ್ಟು ನಿಜ ಅಂತ ನೋಡೋದೇ ಈ ಲೇಖನದ ಕೆಲಸ.

ಈ ಪ್ರಶ್ನೆ ಪುಸ್ತಕದ್ದಷ್ಟೇ ಅಲ್ಲ, ನಮ್ಮ ಊರುಗಳದ್ದೂ ಹೌದು. ಮಟಕಾ ಚೀಟಿ, ಫೋನಿನಾಗ ಆಡೋ ರಮ್ಮಿ, ಬ್ರಾಂದಿ ಅಂಗಡಿ. ಶೇಂಗಾ ಮಾರಿದ ದುಡ್ಡು ಮನೆ ಮುಟ್ಟೋಕೆ ಮುಂಚೇನೇ ಕರಗಿ ಹೋಗುತ್ತೆ. ಹಂಗಂತ ಆ ಹುಡುಗರಿಗೆ ಒಳ್ಳೆಯ ಮಾತು ಗೊತ್ತಿಲ್ಲ ಅನ್ನಂಗಿಲ್ಲ. ಶಾಲೆ ಗೋಡೆ ಮೇಲೆ ಬರೆದಾರೆ, ಅವ್ವ ಮನೆಯಲ್ಲಿ ಹೇಳ್ಯಾಳೆ, ಭಜನೆಯಲ್ಲಿ ನಾವು ರಾತ್ರಿಯೆಲ್ಲಾ ಹಾಡೀವಿ. ಗೊತ್ತಿದ್ದ ಮಾತು ಯಾಕೆ ಕಾಯಲಿಲ್ಲ?

ಈ ಪುಸ್ತಕ ಕನ್ನಡಕ್ಕೆ ಬಂದ ದಾರಿ ನಮ್ಮ ಪಕ್ಕದಲ್ಲೇ ಹಾದು ಹೋಗೈತೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅನ್ನೋ ಪಾದ್ರಿ ಬಳ್ಳಾರಿಯಲ್ಲಿ ಇದ್ದುಕೊಂಡು ಕನ್ನಡ ಕಲಿತು ತರ್ಜುಮೆಗೆ ಕೂತರು. ವಿಲಿಯಂ ರೀವ್ ಅನ್ನೋರು ಅವರಿಗೆ ಜೊತೆಯಾದರು. 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಬಂತು. ನಮ್ಮ ಆದೋನಿ, ಆಲೂರು, ರಾಯದುರ್ಗ 1953ರ ತನಕ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. ಹಂಗಾಗಿ ಇದು ಎಲ್ಲೋ ದೂರದ ಕನ್ನಡ ಅಲ್ಲ. ಆಮೇಲೆ ಬಹಳ ಸಲ ತಿದ್ದಿದಾರೆ. ಈಗ ನಾವು ಓದೋದು ಆ ತಿದ್ದಿದ ಕನ್ನಡ.

ಪುಸ್ತಕದ ಕಟ್ಟು ನೋಡ್ರಿ. ಮೊದಲ ಒಂಬತ್ತು ಅಧ್ಯಾಯ ಅಪ್ಪ ಮಗನನ್ನ ಎದುರಿಗೆ ಕೂರಿಸಿಕೊಂಡು ಹೇಳಿದಂಗೆ ಐತೆ. ಹತ್ತನೆಯದರಿಂದ ಎರಡೆರಡು ಸಾಲಿನ ಗಾದೆಗಳು ಶುರು ಆಗ್ತಾವೆ. ಮೊದಲ ಸಾಲು ಒಂದು ಮಾತು ಎತ್ತುತ್ತೆ, ಎರಡನೆಯದು ಅದನ್ನೇ ತಿರುಗಿಸಿ ಹೇಳುತ್ತೆ, ಇಲ್ಲಾ ಅದಕ್ಕೆ ಎದುರಾದದ್ದನ್ನ ಹೇಳುತ್ತೆ. ಭಜನೆಯಲ್ಲಿ ಮುಂದಿನವನು ಒಂದು ಸೊಲ್ಲು ಹೇಳ್ತಾನೆ, ಹಿಂದಿನವರು ಹಿಡಿದು ಎತ್ತುತ್ತಾರಲ್ಲ, ಹಂಗೆ. ಇದು ನೆನಪಿಗೆ ಅಂತಲೇ ಕಟ್ಟಿದ ಕಟ್ಟು. ಕೀರ್ತನೆಗಳ ಪುಸ್ತಕದ 119ನೆಯ ಕೀರ್ತನೆಯೂ ಇಂಥದ್ದೇ. ಇಬ್ರಿಯ ಭಾಷೆಗೆ 22 ಅಕ್ಷರ, ಅಕ್ಷರಕ್ಕೆ ಎಂಟು ವಚನದಂಗೆ 176 ವಚನ. ಅಕ್ಷರದ ಕೋಲು ಹಿಡಿದು ನಡೆದರೆ ದಾರಿ ತಪ್ಪೋದಿಲ್ಲ. ದೇವರ ಮಾತನ್ನ ಎದೆಯಲ್ಲಿ ಬಚ್ಚಿಟ್ಟುಕೊಂಡ್ರೆ ಪಾಪದ ದಾರಿ ತಪ್ಪುತ್ತೆ ಅನ್ನೋ ಮಾತು ಬರೋದೂ ಆ ಕೀರ್ತನೆಯಲ್ಲೇ.

ಇಲ್ಲಿ ಹಾಡುಗಾರನಾಗಿ ನನ್ನದೊಂದು ತಕರಾರು ಐತೆ. ಕನ್ನಡದಲ್ಲಿ ಆ ಅಕ್ಷರದ ಕೋಲು ಕಳೆದು ಹೋಗೈತೆ. ಗಾದೆಗಳೂ ಉದ್ದ ಆಗ್ಯಾವೆ. ಓದಿದರೆ ಅರ್ಥ ಆಗುತ್ತೆ, ಆದರೆ ನಾಲಿಗೆ ಮೇಲೆ ನಿಲ್ಲೋದಿಲ್ಲ. ಗಾದೆ ಅಂದಮೇಲೆ ಮಡಕೆ ಹೊಡೆಯೋನ ಬಾಯಲ್ಲೂ ಉಸಿರು ಕಟ್ಟದಂಗೆ ಬರಬೇಕು. ಎದೆಯಲ್ಲಿ ಇಟ್ಟುಕೋ ಅನ್ನೋ ಪುಸ್ತಕ ಎದೆಗೆ ಇಳಿಯೋ ಅಳತೆಯಲ್ಲಿ ಇರಬೇಕಿತ್ತು.

ಆದರೆ ಈ ಪುಸ್ತಕದ ದೊಡ್ಡ ಗುಣ ಒಂದೈತೆ. ಆಸೆ ಹೆಂಗೆ ಮಾತಾಡುತ್ತೆ ಅನ್ನೋದನ್ನ ಇದು ಮುಚ್ಚಿಡೋದಿಲ್ಲ. ಮೊದಲನೇ ಅಧ್ಯಾಯದಲ್ಲೇ ದರೋಡೆ ಮಾಡೋ ಗುಂಪು ಹುಡುಗನ್ನ ಕರೆಯುತ್ತೆ. ಬಾ, ಸಿಕ್ಕಿದ್ದನ್ನ ಎಲ್ಲರೂ ಹಂಚಿಕೊಳ್ಳೋಣ, ನಮಗೆಲ್ಲ ಒಂದೇ ಹಣದ ಚೀಲ ಅಂತ. ಗೆಳೆತನದ ಮಾತು ಅದು. ಏಳನೆಯದರಲ್ಲಿ ಕತ್ತಲಾಗೋ ಹೊತ್ತಿಗೆ ಬುದ್ಧಿ ಬಲಿಯದ ಹುಡುಗ ಒಬ್ಬಳ ಮನೆ ಕಡೆ ನಡೀತಾನೆ. ಆಕೆ ಹರಕೆ ಒಪ್ಪಿಸಿ ಬಂದೀನಿ ಅಂತಾಳೆ, ಹಾಸಿಗೆಗೆ ಐಗುಪ್ತದ ಬಟ್ಟೆ ಹಾಸೀನಿ ಅಂತಾಳೆ, ಗಂಡ ಹಣದ ಚೀಲ ತಗೊಂಡು ದೂರ ಹೋಗ್ಯಾನೆ, ಹುಣ್ಣಿಮೆ ತನಕ ಬರೋದಿಲ್ಲ ಅಂತಾಳೆ. ಮೊದಲು ಹರಕೆ, ಆಮೇಲೆ ಹಾಸಿಗೆ, ಕೊನೆಗೆ ಹೆದರಬ್ಯಾಡ ಅನ್ನೋ ಮಾತು. ಹುಡುಗ ಕಡಿಯೋಕೆ ಒಯ್ಯೋ ಎತ್ತಿನಂಗೆ ಹಿಂದೆ ಹೋಗ್ತಾನೆ. 23ನೆಯದರಲ್ಲಿ ಕುಡುಕನ ಚಿತ್ರ ಐತೆ. ಕುಡಿದು, ಬಿದ್ದು, ಪೆಟ್ಟು ತಿಂದೋನು ಕೊನೆಗೆ ಅನ್ನೋದೇನು? ಯಾವಾಗ ಎಚ್ಚರ ಆಗುತ್ತೋ, ಮತ್ತೆ ಹೋಗಿ ಕುಡೀಬೇಕು ಅಂತ. ಇದನ್ನ ಬರೆದೋನು ಕುಡುಕರನ್ನ ಹತ್ತಿರದಿಂದ ನೋಡಿದೋನೇ.

ಒಂಬತ್ತನೇ ಅಧ್ಯಾಯ ನನಗೆ ಎಲ್ಲಕ್ಕಿಂತ ಹಿಡಿಸ್ತು. ಜ್ಞಾನ ಅನ್ನೋಳು ಏಳು ಕಂಬದ ಮನೆ ಕಟ್ಟಿ ಊಟಕ್ಕೆ ಕರೀತಾಳೆ. ಮೂಢತನ ಅನ್ನೋಳೂ ತನ್ನ ಮನೆ ಬಾಗಿಲಲ್ಲಿ ಕೂತು ಕರೀತಾಳೆ. ಬುದ್ಧಿ ಇಲ್ಲದ ಹುಡುಗನ್ನ ಇಬ್ಬರೂ ಕರೆಯೋ ಕರೆ ಒಂದೇ, ಪದಕ್ಕೆ ಪದ ಒಂದೇ. ಕರೆ ಕೇಳಿ ಇದು ಯಾವ ಮನೆ ಅಂತ ಹೇಳೋಕೆ ಆಗೋದಿಲ್ಲ. ಬಾಗಿಲಿಗೆ ಹೋಗಿ ಯೋಚನೆ ಮಾಡ್ತೀನಿ ಅಂದೋನು ಆಗಲೇ ತಡ ಮಾಡಿದಂಗೆ. ಅದಕ್ಕೇ ಅಪ್ಪ ಮೊದಲೇ ಹೇಳೋದು, ಮಾತನ್ನ ಬೆರಳಿಗೆ ಕಟ್ಟಿಕೋ, ಎದೆಯ ಹಲಗೆ ಮೇಲೆ ಬರೆದುಕೋ ಅಂತ.

ಹೆಣ್ಣುಮಕ್ಕಳು ಇದನ್ನ ಓದಿದರೆ ಕೇಳೋ ಪ್ರಶ್ನೆ ಒಂದೈತೆ. ತಪ್ಪೆಲ್ಲಾ ಆ ಹೆಂಗಸಿನ ಮೇಲೇ ಯಾಕೆ? ಹುಡುಗ ತಾನಾಗೇ ಆ ಬೀದಿ ಹಿಡಿದು ಹೋಗಿರಲಿಲ್ಲವೇ? ಆ ಪ್ರಶ್ನೆ ಸರಿಯಾದದ್ದೇ. ಏಳನೇ ಅಧ್ಯಾಯದಲ್ಲಿ ಆಕೆಯ ಕಷ್ಟಸುಖ ಒಂದೂ ಇಲ್ಲ, ಬಲೆ ಹಾಕೋದು ಮಾತ್ರ ಐತೆ. ಅಷ್ಟಕ್ಕೇ ಪುಸ್ತಕ ಮುಚ್ಚಬ್ಯಾಡ್ರಿ. ಜ್ಞಾನವೂ ಇಲ್ಲಿ ಹೆಣ್ಣೇ. ಕೊನೆಯ ಅಧ್ಯಾಯವಂತೂ ಲೆಮೂವೇಲ ಅನ್ನೋ ರಾಜನಿಗೆ ತಾಯಿ ಹೇಳಿದ ಬುದ್ಧಿಮಾತು. ಕುಡಿತಕ್ಕೆ ಬಿದ್ದು ಬಡವರ ನ್ಯಾಯ ಮರೀಬ್ಯಾಡ, ಬಾಯಿಲ್ಲದವರ ಪರ ಬಾಯಿ ತೆರಿ ಅಂತಾಳೆ ಆ ತಾಯಿ. ಅಪ್ಪನ ಮಾತಿನಿಂದ ಶುರುವಾದ ಪುಸ್ತಕ ಅವ್ವನ ಮಾತಿಗೆ ಬಂದು ನಿಲ್ಲುತ್ತೆ.

ಈಗ ಗಟ್ಟಿ ಪ್ರಶ್ನೆಗೆ ಬರ್ತೀನಿ. ಈ ಗಾದೆಗಳ ಹೆಸರು ಇರೋದು ಸೊಲೊಮೋನ ರಾಜನ ಮೇಲೆ. ಅರಸುಗಳ ಪುಸ್ತಕದ ಪ್ರಕಾರ ಆತ ಹೇಳಿದ ಗಾದೆ 3000, ಹಾಡು 1005. ಇಷ್ಟು ಮಾತು ಎದೆಯಲ್ಲಿ ಇದ್ದೋನು ಮತ್ತೊಬ್ಬ ಸಿಗೋದಿಲ್ಲ. ಅದೇ ಪುಸ್ತಕ ಮುಂದೆ ಹೇಳುತ್ತೆ, ಆತನಿಗೆ 700 ರಾಣಿಯರು, 300 ಉಪಪತ್ನಿಯರು, ಮುಪ್ಪಿನಲ್ಲಿ ಆತನ ಮನಸ್ಸು ದಾರಿ ಬಿಟ್ಟಿತು ಅಂತ. ಹಂಗಾದ್ರೆ 3000 ಗಾದೆ ಎಲ್ಲಿ ಹೋದವು?

ಸೈತಾನನ್ನ ನೋಡ್ರಿ. ಯೇಸು 40 ದಿನ ಉಪವಾಸ ಇದ್ದು ಹಸಿದಾಗ ಅವನು ಶೋಧನೆ ಮಾಡೋಕೆ ಬರ್ತಾನೆ. ದೇವಾಲಯದ ತುದಿಯಿಂದ ಹಾರು ಅನ್ನುವಾಗ ಅವನೂ ಗ್ರಂಥದ ಮಾತನ್ನೇ ಹೇಳ್ತಾನೆ, 91ನೆಯ ಕೀರ್ತನೆಯದ್ದು. ಅಂದಮೇಲೆ ಅವನಿಗೂ ಬಾಯಿಪಾಠ ಆಗೈತೆ. ಬಾಯಿಪಾಠ ಒಂದೇ ಸಾಕು ಅಂತಿದ್ದರೆ ಸೈತಾನನೇ ದೊಡ್ಡ ಭಕ್ತ ಆಗ್ತಿದ್ದ. ಜ್ಞಾನೋಕ್ತಿಗಳ 26ನೇ ಅಧ್ಯಾಯಕ್ಕೂ ಇದು ಗೊತ್ತೈತೆ. ಮೂಢನ ಬಾಯಲ್ಲಿ ಗಾದೆ ಅಂದ್ರೆ ಕುಂಟನ ಜೋಲು ಕಾಲಿನಂಗೆ, ಕುಡುಕನ ಕೈಗೆ ಸಿಕ್ಕ ಮುಳ್ಳಿನಂಗೆ ಅಂತ ಅದೇ ಹೇಳುತ್ತೆ. ಗಾದೆಯ ಪುಸ್ತಕವೇ ಗಾದೆಯ ಮಿತಿ ಒಪ್ಪಿಕೊಳ್ಳೋದು ಸಣ್ಣ ಮಾತಲ್ಲ.

ಯೇಸು ಕೊಟ್ಟ ಮೂರು ಉತ್ತರವೂ ಧರ್ಮೋಪದೇಶಕಾಂಡದಿಂದ ಬಂದದ್ದು. ಆ ಕಡೆಯೂ ಗ್ರಂಥ, ಈ ಕಡೆಯೂ ಗ್ರಂಥ. ವ್ಯತ್ಯಾಸ ಎಲ್ಲೈತೆ? ಸೈತಾನ ಆರಿಸಿದ್ದು ಏನು ಮಾಡಿದರೂ ನಿನಗೆ ಏಟು ಬೀಳೋದಿಲ್ಲ ಅನ್ನೋ ಮಾತು. ಯೇಸು ಆರಿಸಿದ್ದು ತನ್ನ ಹಸಿವನ್ನ, ತನ್ನ ಕೈಯನ್ನ ಹಿಡಿದು ನಿಲ್ಲಿಸೋ ಮಾತು. ಒಬ್ಬ ಮಾತನ್ನ ಮತ್ತೊಬ್ಬರ ಮೇಲೆ ಬೀಸಿದ, ಇನ್ನೊಬ್ಬ ತನಗೇ ಕಡಿವಾಣ ಹಾಕಿಕೊಂಡ. ಸೊಲೊಮೋನನ ಕಥೆಯೂ ಇಲ್ಲೇ ಬಿಡಿಸಿಕೊಳ್ಳುತ್ತೆ. ಅದೇ ಧರ್ಮೋಪದೇಶಕಾಂಡದ 17ನೇ ಅಧ್ಯಾಯ ರಾಜನಿಗೇ ಅಂತ ಬರೆದದ್ದು. ಕುದುರೆ ಹೆಚ್ಚು ಮಾಡಿಕೋಬ್ಯಾಡ, ಹೆಂಡತಿಯರನ್ನ ಹೆಚ್ಚು ಮಾಡಿಕೋಬ್ಯಾಡ, ಬೆಳ್ಳಿಬಂಗಾರ ಗುಡ್ಡೆ ಹಾಕಬ್ಯಾಡ, ಈ ಧರ್ಮವನ್ನ ಬರೆಸಿ ಹತ್ತಿರ ಇಟ್ಟುಕೊಂಡು ಬದುಕಿರೋ ತನಕ ಓದು ಅಂತ. ಊರಿಗೆಲ್ಲಾ 3000 ಗಾದೆ ಹಂಚಿದ ರಾಜ ತನಗೆ ಅಂತ ಇದ್ದ ಒಂದು ಮಾತನ್ನ ಇಟ್ಟುಕೊಳ್ಳಲಿಲ್ಲ.

ಆದಿಕಾಂಡದ ಯೋಸೇಫನ ಕೈಯಲ್ಲಿ ಪುಸ್ತಕವೇ ಇರಲಿಲ್ಲ. ಐಗುಪ್ತಕ್ಕೆ ಮಾರಿಹೋದ ಆಳು. ಒಡೆಯನ ಹೆಂಡತಿ ದಿನಾ ಕರೀತಾಳೆ. ಆತನ ಹತ್ತಿರ ಇದ್ದದ್ದು ಇಷ್ಟೇ: ಒಡೆಯ ನನ್ನ ನಂಬಿ ಮನೆ ಕೊಟ್ಟಾನೆ, ದೇವರಿಗೆ ನಾನು ಹೆಂಗೆ ತಪ್ಪಲಿ ಅನ್ನೋ ಮಾತು. ಬಟ್ಟೆ ಅವಳ ಕೈಗೆ ಬಿಟ್ಟು ಓಡಿದ, ಸುಳ್ಳು ದೂರಿಗೆ ಜೈಲಿಗೆ ಬಿದ್ದ. ಜಾಣನಿಗೆ ಸುಖ, ಸಂಪತ್ತು ಬರುತ್ತೆ ಅಂತ ಜ್ಞಾನೋಕ್ತಿಗಳು ಮತ್ತೆ ಮತ್ತೆ ಹೇಳೋದಕ್ಕೆ ಈ ಕಥೆ ಪಕ್ಕದಲ್ಲಿಟ್ಟು ಓದಬೇಕು. ಎದೆಯ ಮಾತು ಪಾಪದಿಂದ ಕಾಯುತ್ತೆ, ಜೈಲಿನಿಂದ ಕಾಯುತ್ತೆ ಅಂತ ಭರವಸೆ ಇಲ್ಲ.

ಹಿಂದೆ ಜೋಳವನ್ನ ಎರಡು ತರ ಇಡ್ತಿದ್ದರು. ಹಗೇವಿಗೆ ಹಾಕಿ ಮುಚ್ಚಿದರೆ ಬರಗಾಲದ ತನಕ ಯಾರೂ ನೋಡ್ತಿರಲಿಲ್ಲ, ನೀರು ಇಳಿದರೆ ಒಳಗೇ ಕೊಳೆತು ಹೋಗ್ತಿತ್ತು. ಬೀಜದ ಜೋಳ ಹಂಗಲ್ಲ. ಬೂದಿ ಹಚ್ಚಿ, ಆಗಾಗ ಬಿಸಿಲಿಗೆ ಹಾಕಿ, ಹುಳ ನೋಡಿ ಇಡಬೇಕು, ಯಾಕಂದ್ರೆ ಮಳೆ ಬಿದ್ದ ದಿನ ಅದು ಕೈಗೆ ಬರಬೇಕು. ಮಾತನ್ನ ನಿಧಿಯಂಗೆ ಇಡೋದು ಅಂದ್ರೆ ಬೀಜ ಇಟ್ಟಂಗೆ ಅಂತ ನಾನು ತಿಳಕೊಂಡೀನಿ.

ಮೇಷ್ಟ್ರುಗಳಿಗೆ ಒಂದು ಮಾತು. ಮಕ್ಕಳಿಗೆ ಬಾಯಿಪಾಠ ಮಾಡಿಸೋದು ಬಿಡಬ್ಯಾಡ್ರಿ, ಬಾಯಿಗೆ ಬಾರದ್ದು ಎದೆಗೆ ಇಳಿಯೋದಿಲ್ಲ. ಆದರೆ ಒಪ್ಪಿಸಿದ ಮೇಲೆ ಒಂದು ಪ್ರಶ್ನೆ ಕೇಳ್ರಿ: ಈ ಮಾತು ನಿನಗೆ ಬೇಕಾಗೋದು ಯಾವ ಹೊತ್ತಿಗೆ, ಯಾವ ಜಾಗದಲ್ಲಿ? ಬೈಬಲು ಇರಲಿ, ವಚನ ಇರಲಿ, ತತ್ವಪದ ಇರಲಿ, ಆ ಪ್ರಶ್ನೆಗೆ ಹುಡುಗ ತನ್ನದೇ ಉತ್ತರ ಕೊಟ್ಟನೆಂದರೆ ಪಾಠ ಅರ್ಧ ಮುಗೀತು. ಉಳಿದರ್ಧ ಅವನು ಸಂತೆಗೆ ಒಬ್ಬನೇ ಹೋದ ದಿನ ತಿಳಿಯುತ್ತೆ.