ಗೃಹಾಲಂಕಾರದ ಪರಿಭಾಷೆ

ಗೃಹಾಲಂಕಾರವನ್ನು ಕುರಿತ ಕಿರುಹೊತ್ತಗೆಯೊಂದು ಅಭಿಪ್ರಾಯಕ್ಕಾಗಿ ನಮ್ಮ ಕೈ ಸೇರಿದೆ. ಕಾಗದವು ಉತ್ತಮವಾದುದು, ಚಿತ್ರಗಳು ಮನೋಹರವಾಗಿವೆ. ಹೊಸ ಮನೆಗಳಲ್ಲಿ ನಮ್ಮ ಸೀಮೆಯ ಕೈಗೆಲಸಕ್ಕೆ ಎಡೆಯಿರಬೇಕೆಂದು ಗ್ರಂಥಕರ್ತರು ಬಯಸಿರುವುದು ಸ್ತುತ್ಯವೇ ಸರಿ. ಆದರೆ ಮಾತಿನ ವಿಷಯದಲ್ಲಿ ಅವರು ತೋರಿರುವ ಅನಾದರವನ್ನು ಕಂಡೂ ಕಾಣದಂತಿರಲಾರೆವು.

ಮೊದಲು ಹೆಸರನ್ನೇ ನೋಡೋಣ. ‘ಒಳಾಂಗಣ ವಿನ್ಯಾಸ’ವೆಂಬುದು ಈಗ ಎಲ್ಲರ ಬಾಯಲ್ಲಿಯೂ ಇರುವ ಮಾತು. ಕನ್ನಡದ ‘ಒಳ’ವನ್ನು ಸಂಸ್ಕೃತದ ‘ಅಂಗಣ’ಕ್ಕೆ ಗಂಟುಹಾಕಿರುವುದರಿಂದ ಇದು ಅರಿಸಮಾಸ. ಸಾಲದುದಕ್ಕೆ ನಡುವೆ ಸಂಸ್ಕೃತದ ದೀರ್ಘಸಂಧಿ. ‘ಒಳಂಗಿ’ ಎನ್ನುವ ನಾವು ‘ಒಳಾಂಗಿ’ ಎನ್ನುವುದಿಲ್ಲವಷ್ಟೆ. ಕೇಶಿರಾಜನು 13ನೆಯ ಶತಮಾನದಲ್ಲಿಯೇ ಇಂಥ ಸಮಾಸಗಳನ್ನು ನಿಷೇಧಿಸಿ, ಹಿಂದಿನಿಂದ ರೂಢಿಯಲ್ಲಿ ನಿಂತ ಕೆಲವಕ್ಕೆ ಮಾತ್ರ ಎಡೆಗೊಟ್ಟನು. ರೂಢಿಗೆ ಬಂದುದನ್ನು ನಾವೂ ಕ್ಷಮಿಸಬಹುದು. ಅರ್ಥಕ್ಕೆ ಬಂದಿರುವ ಕೇಡನ್ನು ಕ್ಷಮಿಸುವುದು ಕಷ್ಟ. ಅಂಗಣವೆಂದರೆ ಅಂಗಳ. ಗೋಡೆ, ಸೂರು, ಮೇಜು, ಕುರ್ಚಿಗಳ ಸಜ್ಜನ್ನೆಲ್ಲ ಅಂಗಳವೆಂದು ಕರೆದ ಮೇಲೆ ತೊಟ್ಟಿಮನೆಯ ನಡುವಣ ನಿಜವಾದ ಒಳಂಗಳಕ್ಕೆ ಏನೆನ್ನಬೇಕು? ಬೆಂಗಳೂರಿನ ಕಂಠೀರವ ‘ಒಳಾಂಗಣ ಕ್ರೀಡಾಂಗಣ’ದಲ್ಲಂತೂ ಅಂಗಣವು ಎರಡು ಸಲ ಬಂದು ಕುಳಿತಿದೆ. ‘ಮನೆಯ ಒಳಸಜ್ಜು’ ಎಂದರೆ ಯಾರಿಗೆ ತಿಳಿಯದು?

ಮಾಗಡಿ, ಕನಕಪುರಗಳ ಹಳೆಯ ಮನೆಯವರು ಮನೆಯ ಅಳತೆಯನ್ನು ಅಂಕಣಗಳಲ್ಲಿ ಹೇಳುತ್ತಿದ್ದರು. ಎರಡು ಕಂಬಸಾಲುಗಳ ನಡುವಣ ಎಡೆಯೇ ಅಂಕಣ. ಗ್ರಂಥಕರ್ತರು ‘ಮೂರಂಕಣದ ಮನೆ’ಯನ್ನು ‘ಮೂರಂಗಣದ ಮನೆ’ ಮಾಡಿ, ಒಂದು ಸಾಮಾನ್ಯ ಸಂಸಾರಕ್ಕೆ ಮೂರು ಅಂಗಳಗಳನ್ನು ದಯಪಾಲಿಸಿದ್ದಾರೆ. ಅಂಕಣವು ಈಗ ಪತ್ರಿಕೆಗಳಲ್ಲಿ ಮಾತ್ರ ಉಳಿದಿರುವುದರಿಂದ ಇದನ್ನು ಅಚ್ಚಿನ ತಪ್ಪೆನ್ನಲೂ ಧೈರ್ಯ ಸಾಲದು.

ಇವೆಲ್ಲ ಸಣ್ಣವು. ಚನ್ನಪಟ್ಟಣದ ಪ್ರಕರಣವೇ ಬೇರೆ. ಅಲ್ಲಿಯ ಬೊಂಬೆಗಳನ್ನು ಆಲದ ಮರದಲ್ಲಿ ಕೆತ್ತಿ, ಬಣ್ಣ ಬಳಿದು, ತಾಳೆಯ ಮರದ ಗರಿಯಿಂದ ಉಜ್ಜುವರೆಂದು ಬರೆದಿದ್ದಾರೆ. ಒಂದೇ ವಾಕ್ಯದಲ್ಲಿ ನಾಲ್ಕು ತಪ್ಪು! ಮರವು ಬಿಳಲು ಬಿಡುವ ಆಲವಲ್ಲ, ಆಲೆ. ಬಿಳುಪಾದ, ನಯವಾದ ಮರ. ಬೊಂಬೆಯನ್ನು ಕೆತ್ತುವುದಿಲ್ಲ, ಕಡೆಯುತ್ತಾರೆ. ತಿರುಗುವ ಮರಕ್ಕೆ ಉಳಿಯನ್ನು ಆನಿಸಿದರೆ ದುಂಡು ತಾನಾಗಿ ಮೂಡುತ್ತದೆ. ಬಳಿಯುವ ಬಣ್ಣವೂ ಅಲ್ಲ. ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಆ ತಿರುಗುವ ಮರಕ್ಕೆ ಒತ್ತಿ ಹಿಡಿದರೆ ತಿಕ್ಕಾಟದ ಕಾವಿಗೆ ಅರಗು ಕರಗಿ ಹತ್ತುತ್ತದೆ. ಅರಗೆಂದು ಅರಿತ ಗೃಹಿಣಿಯು ಅದರ ಮೇಲೆ ಬಿಸಿಪಾತ್ರೆಯನ್ನು ಇಡಳು. ಬಣ್ಣವೆಂದು ನಂಬಿದವಳು ಇಟ್ಟು ಕೆಡಿಸುವಳು. ಇನ್ನು ಹೊಳಪು ಕೊಡುವ ತಾಳೆಗರಿಯೋ, ತಾಳೆಹೂವಿನ ಗಿಡದ್ದು, ಎಂದರೆ ಕೇದಗೆಯ ಎಲೆ.

ಆಲೆಯ ವಿಷಯದಲ್ಲಿ ನಾನೂ ಒಮ್ಮೆ ತಪ್ಪಿದವನೇ. ಹಲವು ವರ್ಷಗಳ ಹಿಂದೆ ಚನ್ನಪಟ್ಟಣದಲ್ಲಿ ಮರ ಕಡೆಯುವ ಹಿರಿಯರೊಬ್ಬರನ್ನು ‘ಆಲೆಯಲ್ಲ, ಹಾಲೆ ಎನ್ನಿ’ ಎಂದು ತಿದ್ದಿದೆನು. ವ್ಯುತ್ಪತ್ತಿಯೇನೋ ಸರಿಯೇ: ಮರದಲ್ಲಿ ಹಾಲಿನಂಥ ಸೊನೆಯಿದೆ, ತಮಿಳರು ಇದನ್ನೇ ವೆಟ್ಪಾಲೆ ಎನ್ನುವರು, ಪಕಾರವು ನಮ್ಮಲ್ಲಿ ಹಕಾರವಾಯಿತು, ಆ ಹಕಾರವು ನಮ್ಮ ಸೀಮೆಯ ಬಾಯಲ್ಲಿ ಜಾರಿತು. ಹಿರಿಯರು ಎದುರಾಡಲಿಲ್ಲ. ಆದರೆ ಆ ಮೇಲೆ ನನ್ನ ಮುಂದೆ ಮರದ ಹೆಸರನ್ನೇ ಎತ್ತದೆ ‘ಇದು’, ‘ಈ ಮರ’ ಎಂದೇ ಮಾತು ಮುಗಿಸಿದರು. ಬಾಳೆಲ್ಲ ಆ ಮರದೊಡನೆ ಕಳೆದವರಿಗೆ ಅದರ ಹೆಸರನ್ನು ಹೇಳಲು ನನ್ನಿಂದ ಸಂಕೋಚವಾಯಿತು. ಕರಾವಳಿಯಲ್ಲಿ ಹಾಲೆ ಎಂದರೆ ಆಟಿ ಅಮಾವಾಸ್ಯೆಯಂದು ಕಷಾಯ ಮಾಡುವ ಬೇರೊಂದು ಮರವೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಆದುದರಿಂದ ಬೊಂಬೆಯ ಮರಕ್ಕೆ ಅವರ ‘ಆಲೆ’ಯೇ ಖಚಿತವಾದ ಹೆಸರು, ನನ್ನ ಶುದ್ಧರೂಪವೇ ಸಂದಿಗ್ಧ.

ಎರಡನೆಯ ಮುದ್ರಣಕ್ಕೆ ಮುನ್ನ ಗ್ರಂಥಕರ್ತರು ತಮ್ಮ ಪುಟಗಳನ್ನು ಚನ್ನಪಟ್ಟಣದ ಕೆಲಸಗಾರರ ಮುಂದೆ ಗಟ್ಟಿಯಾಗಿ ಓದಿ, ಅವರು ನಕ್ಕ ಕಡೆಗಳಲ್ಲಿ ಗುರುತು ಹಾಕಿಕೊಳ್ಳಲಿ. ರಾಮನಗರದಿಂದ ಅಲ್ಲಿಗೆ ದೂರವೇನೂ ಇಲ್ಲ.